ನಳಿನಿಯ ‘ನಾ’

ನಳಿನಿಗೆ ಮೈಯೆಲ್ಲ ನೋಯಲು ಶುರುವಾಗಿ ಮೂರು ವರ್ಷವಾಗಿತ್ತು. ಒಂದು ದಿನ ಕುತ್ತಿಗೆ, ಇನ್ನೊಂದು ದಿನ ಸೊಂಟ, ಮತ್ತೊಂದು ದಿನ ಎರಡೂ. ಬೆಳಗ್ಗೆ ಎದ್ದರೆ ರಾತ್ರಿಯಿಡೀ ಯಾರೋ ಒನಕೆಯಲ್ಲಿ ಕುಟ್ಟಿ ಹೋದ ಹಾಗೆ. ಎಕ್ಸ್‌ರೇ ತೆಗೆಸಿದ್ದಾಯಿತು, ರಕ್ತ ಕೊಟ್ಟದ್ದಾಯಿತು. ಪ್ರತಿ ಸಲವೂ ಗಂಡ ಪಾಂಡುರಂಗ ಲಕೋಟೆ ಒಡೆದು, ಮನೆಯಲ್ಲಿ ಯಾರಿಗೋ ರ‍್ಯಾಂಕ್ ಬಂದಷ್ಟು ಸಂತೋಷದಿಂದ, “ಎಲ್ಲಾ ನಾರ್ಮಲ್ ಅದ ನೋಡು!” ಎನ್ನುತ್ತಿದ್ದ.

“ನಾರ್ಮಲ್ ಇದ್ರ ಬ್ಯಾನಿ ಯಾಕ ಆಗ್ತದ?”

“ಅದಕ್ಕೂ ಒಂದು ಟೆಸ್ಟ್ ಮಾಡ್ಸೋಣಂತ.”

ಪಾಂಡುರಂಗ ಧಾರವಾಡದವನು. ಅಹಮದಾಬಾದಿನಲ್ಲಿ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಎಂಜಿನಿಯರ್. ಒಳ್ಳೆಯ ಮನುಷ್ಯ. ಆದರೆ ಮೀಟರಿನ ಮುಳ್ಳು ಅಲುಗಾಡದೆ ಯಾವುದನ್ನೂ ಪೂರ್ತಿ ನಂಬುವವನಲ್ಲ.

2003ರ ದಸರೆಯ ಹೊತ್ತಿಗೆ ಅದೇ ಊರಿನ ನವರಂಗಪುರ ಬಡಾವಣೆಯ ವೈದ್ಯರೊಬ್ಬರು ನಳಿನಿಯ ಮೈಮೇಲೆ ಅಲ್ಲಲ್ಲಿ ಬೆರಳೊತ್ತಿ ನೋಡಿ, ಬಹಳ ಹೊತ್ತು ಮಾತಾಡಿಸಿ, ಕಾಯಿಲೆಗೊಂದು ಹೆಸರು ಹೇಳಿದರು: ಫೈಬ್ರೊಮಯಾಲ್ಜಿಯಾ. ಹೆಸರು ಕೇಳಿಯೇ ನಳಿನಿಗೆ ಅಳು ಬಂತು. ಹೆದರಿಕೆಯಿಂದಲ್ಲ, ಅಷ್ಟು ಉದ್ದದ ಹೆಸರಿರುವ ಕಾಯಿಲೆಯನ್ನು ಇನ್ನು ಯಾರೂ ನೆಪ ಎನ್ನಲಾರರು ಎಂಬ ಸಮಾಧಾನದಿಂದ. ವೈದ್ಯರು ಒಂದು ಮಾತ್ರೆ ಬರೆದುಕೊಟ್ಟು, ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಶನಿವಾರ ನಡೆಯುವ ತರಗತಿಗೂ ತಪ್ಪದೆ ಹೋಗಬೇಕೆಂದರು.

ತರಗತಿ ನಡೆಸುವವಳು ದೀಪ್ತಿಬೆನ್, ಫಿಸಿಯೋಥೆರಪಿಸ್ಟ್. ಎದುರಿಗೆ ಹತ್ತು ಹನ್ನೆರಡು ಹೆಂಗಸರು, ಯಾವ ಕುರ್ಚಿಯಲ್ಲಿ ಹೇಗೆ ಕೂತರೂ ಯಾರಿಗೂ ಸರಿಹೋಗುತ್ತಿರಲಿಲ್ಲ. “ನಿಮ್ಮ ನೋವು ನಿಜ,” ಎಂದು ದೀಪ್ತಿಬೆನ್ ಮೊದಲ ದಿನವೇ ಗುಜರಾತಿಯಲ್ಲಿ ಹೇಳಿದಳು. “ಎಲುಬು ಸವೆದಿಲ್ಲ, ಕೀಲು ಕೆಟ್ಟಿಲ್ಲ. ರೇಡಿಯೋದ ದನಿ ಯಾರೋ ಜೋರು ಮಾಡಿಟ್ಟ ಹಾಗೆ, ನಿಮ್ಮ ನರಗಳು ಸಣ್ಣದನ್ನೂ ದೊಡ್ಡದು ಮಾಡಿ ಹೇಳುತ್ತಿವೆ. ಆ ದನಿಯನ್ನು ನಿಧಾನವಾಗಿ ತಗ್ಗಿಸಬೇಕು.” ದಿನಾ ಸ್ವಲ್ಪ ನಡೆಯುವುದು, ಹೊತ್ತಿಗೆ ಸರಿಯಾಗಿ ಮಲಗುವುದು, ಮೈ ಹಗುರಾದ ದಿನ ಇಡೀ ಮನೆ ತೊಳೆದು ಮರುದಿನ ಮಂಚ ಹಿಡಿಯದಿರುವುದು, ಇವೇ ಪಾಠಗಳು.

ನಳಿನಿಯ ಪಕ್ಕದಲ್ಲಿ ಕೂರುತ್ತಿದ್ದವಳು ತಾರಾಬೆನ್. ಸೂರತ್ತಿನಲ್ಲಿ ಹುಟ್ಟಿ ಬೆಳೆದವಳು. ಊಟ ಮತ್ತು ಬೈಗುಳ ಎರಡೂ ಅಲ್ಲಿಯವೇ ಶ್ರೇಷ್ಠ ಎಂದು ನಂಬಿದವಳು. ತನ್ನ ಕಾಯಿಲೆಯನ್ನು, ಬಾಡಿಗೆ ಕೊಡದೆ ಮನೆಯನ್ನೂ ಬಿಡದೆ ಕೂತ ಬಾಡಿಗೆದಾರನನ್ನು ಬೈದಂತೆ ಬೈಯುತ್ತಿದ್ದಳು. ಪಾಠದ ನಡುವೆ ಅವಳು ಪಿಸುಗುಟ್ಟಿದರೂ ಕೆಳಗಿನ ಆಟೋದವರಿಗೆ ಕೇಳಿಸುತ್ತಿತ್ತು.

ಮೂರನೆಯ ಶನಿವಾರದ ಪಾಠ ಬೇರೆಯದೇ ಆಗಿತ್ತು. ವಾರದೊಳಗೆ ಪ್ರತಿಯೊಬ್ಬರೂ ಮೈಗೆ ಮೀರಿದ ಒಂದು ಕೆಲಸಕ್ಕಾದರೂ ‘ಇಲ್ಲ’ ಎನ್ನಬೇಕು. ಗುಜರಾತಿಯಲ್ಲಿ ಅದು ಒಂದೇ ಅಕ್ಷರ: ನಾ. “ಕಾರಣ ಕೊಡಬೇಡಿ,” ಎಂದಳು ದೀಪ್ತಿಬೆನ್. “ಕಾರಣ ಕೊಟ್ಟರೆ ಚೌಕಾಸಿ ಶುರುವಾಗುತ್ತದೆ.”

ಇಬ್ಬಿಬ್ಬರಾಗಿ ಅಭ್ಯಾಸ ಮಾಡಿಸಿದಳು. ತಾರಾಬೆನ್ ಅತ್ತೆಯಾದಳು. ಆ ಪಾತ್ರಕ್ಕೆ ಅವಳಿಗೆ ತಯಾರಿಯೇ ಬೇಕಿರಲಿಲ್ಲ.

“ಏ ಸೊಸೆ, ನಾಳೆ ಇಪ್ಪತ್ತು ಜನ ಊಟಕ್ಕೆ ಬರ್ತಾರೆ. ಅಡುಗೆ ಮಾಡ್ತೀಯಾ?”

“ನಾ,” ಎಂದಳು ನಳಿನಿ. ಮರುಕ್ಷಣವೇ, “ಚಪಾತಿ ಬೇಕಾದರೆ ಮಾಡಿಕೊಡ್ತೇನೆ, ಪಲ್ಯಾನೂ...”

“ಇದು ‘ನಾ’ ಅಲ್ಲ, ಡಿಸ್ಕೌಂಟು!” ಎಂದು ತಾರಾಬೆನ್ ಗದರಿದಳು. ಎಲ್ಲರೂ ನಕ್ಕರು.

ನಳಿನಿ ಅಹಮದಾಬಾದಿನ ಅಂಚಿನ ಬೋಪಾಲ್ ಬಡಾವಣೆಯ ತನ್ನ ಫ್ಲ್ಯಾಟಿಗೆ ಮರಳಿ, ತರಕಾರಿ ಹೆಚ್ಚುವಾಗ, ಬಟ್ಟೆ ಮಡಚುವಾಗ ‘ನಾ, ನಾ’ ಎಂದು ಬಾಯಿಪಾಠ ಮಾಡಿದಳು. ಮಂಗಳವಾರ ಫೋನ್ ಬಂತು. ಆ ಕಡೆ ಹರಿಪ್ರಸಾದ, ಬೋಪಾಲಿನ ಕನ್ನಡ ಬಳಗದ ಕಾರ್ಯದರ್ಶಿ. ಮೈಸೂರಿನವನು, ಬ್ಯಾಂಕಿನಲ್ಲಿ ಕೆಲಸ. ಪ್ರತಿ ವರ್ಷ ರಾಜ್ಯೋತ್ಸವದ ದಿನ ನೂರು ಜನಕ್ಕೆ ಬಿಸಿಬೇಳೆಬಾತ್ ಮಾಡುತ್ತಿದ್ದವಳು ನಳಿನಿ. ಸ್ಟೀಲ್ ಡಬ್ಬಿ ತುಂಬಿಸಿಕೊಂಡು ಎಲ್ಲರಿಗಿಂತ ಮೊದಲು ಮನೆಗೆ ಹೋಗುತ್ತಿದ್ದವನು ಅವನು.

“ನಳಿನಕ್ಕ, ರಾಜ್ಯೋತ್ಸವ ಬಂದೇಬಿಡ್ತು! ಈ ಸಲ ಬಿಸಿಬೇಳೆಬಾತ್ ಯಾರು ಮಾಡ್ತಾರೆ ಹೇಳಿ ನೋಡೋಣ?”

ನಳಿನಿ ಕಣ್ಣು ಮುಚ್ಚಿ, ಉಸಿರು ಹಿಡಿದು, ಗಟ್ಟಿಯಾಗಿ, “ನಾ!” ಎಂದಳು. ಕಾರಣ ಕೊಡಲಿಲ್ಲ.

“ನಂಗೊತ್ತಿತ್ತು!” ಎಂದು ಹರಿಪ್ರಸಾದ ಖುಷಿಯಿಂದ ಫೋನಿಟ್ಟ.

ಇಷ್ಟು ಸುಲಭವೇ ಎಂದು ನಳಿನಿಗೆ ಆಶ್ಚರ್ಯವಾಯಿತು. ಅವನು ಬೇಸರ ಮಾಡಿಕೊಳ್ಳಲಿಲ್ಲ, ಚೌಕಾಸಿಯನ್ನೂ ಮಾಡಲಿಲ್ಲ. ಎಂಥ ತಿಳಿವಳಿಕಸ್ಥ! ಶನಿವಾರ ತರಗತಿಯಲ್ಲಿ ಇದನ್ನು ಹೇಳಿದಾಗ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.

ಮುಂದಿನ ಗುರುವಾರ ಸಂಜೆ ಮನೆ ಬಾಗಿಲಿಗೆ ಆಟೋ ಬಂತು. ಒಳಗಿಂದ ಅಕ್ಕಿ ಮೂಟೆ, ತೊಗರಿಬೇಳೆ, ಬಟಾಣಿ, ತುಪ್ಪದ ಡಬ್ಬ ಇಳಿದವು, ಕೊನೆಗೆ ಹರಿಪ್ರಸಾದ ಇಳಿದ.

“ಇದೆಲ್ಲ ಏನು?” ಎಂದಳು ನಳಿನಿ.

“ಏನಂದ್ರೆ? ಯಾರು ಮಾಡ್ತಾರೆ ಅಂತ ಕೇಳಿದ್ದಕ್ಕೆ ನೀವೇ ‘ನಾ’ ಅಂದ್ರಲ್ಲ ಅಕ್ಕ! ಧಾರವಾಡದ ಕಡೆ ನಾನು ಅನ್ನೋಕೆ ನಾ ಅಂತಾರಲ್ವಾ?”

ಪಾಂಡುರಂಗನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಅಕ್ಕಿ ಮೂಟೆಯ ಮೇಲೆಯೇ ಕೂತು ಕಣ್ಣೀರು ಬರುವಷ್ಟು ನಕ್ಕ. ನಳಿನಿಗೆ ಸಿಟ್ಟು ಬಂತು, ಹಿಂದೆಯೇ ನಗು ಬಂತು, ನಕ್ಕರೆ ಪಕ್ಕೆ ಹಿಡಿದುಕೊಂಡು ಮತ್ತೆ ಸಿಟ್ಟು ಬಂತು. ಇನ್ನು ಕನ್ನಡದಲ್ಲೇ ಹೇಳಬೇಕಿತ್ತು. ಗುಜರಾತಿಯಲ್ಲಿ ಕಲಿತ ಧೈರ್ಯ ತಾಯಿನುಡಿಯಲ್ಲಿ ನಾಲಿಗೆಗೆ ಬರಲು ತಡವಾಯಿತು.

“ಹರಿಪ್ರಸಾದ, ಈ ಸಲ ಅಡಿಗಿ ನನ್ನ ಕಡಿಂದ ಆಗೂದಿಲ್ಲ.”

“ಯಾಕಕ್ಕ?”

ಈ ಸಲವೂ ನಳಿನಿ ಕಾರಣ ಕೊಡಲಿಲ್ಲ.

“ಅನ್ನ-ಬೇಳೆ ನಾವು ಬೇಯಿಸ್ಕೊಡ್ತೀವಿ. ಪುಡಿ, ಒಗ್ಗರಣೆ ಮಾತ್ರ ನೀವು?”

“ಆಗೂದಿಲ್ಲ.”

“ಬಂದು ನಿಂತ್ಕೊಂಡ್ರೂ ಸಾಕು.”

“ನಿಲ್ಲೂದಂತೂ ಆಗೂದೇ ಇಲ್ಲ.”

ಪಾಂಡುರಂಗ ನಗು ನಿಲ್ಲಿಸಿ, “ಪಾಪ, ಇಷ್ಟೆಲ್ಲಾ ಹೊತ್ಕೊಂಡು ಬಂದಾನ...” ಎಂದು ಶುರುಮಾಡಿದ.

“ಹಂಗಾರ ನೀವ ಮಾಡ್ರಿ,” ಎಂದಳು ನಳಿನಿ.

ಹರಿಪ್ರಸಾದ ಅವಳನ್ನು ಮೇಲಿಂದ ಕೆಳಗೆ ನೋಡಿದ. “ನೋಡೋಕೆ ಚೆನ್ನಾಗೇ ಇದೀರಲ್ಲ ಅಕ್ಕ?”

ಮೂರು ವರ್ಷದಿಂದ ಎಲ್ಲರೂ ಕೇಳುತ್ತ ಬಂದಿದ್ದ ಪ್ರಶ್ನೆ. ‘ಇಲ್ಲ’ ಎಂದು ಹೇಳಿ ಮುಗಿದಿದ್ದರಿಂದಲೋ ಏನೋ, ಈ ಸಲ ಅವಳಿಗೆ ಸಮಾಧಾನದಿಂದ ಉತ್ತರಿಸಲು ಆಯಿತು. ಇಬ್ಬರನ್ನೂ ಕೂರಿಸಿ, ನರಗಳ ಸಂಗತಿಯನ್ನು, ರೇಡಿಯೋದ ದನಿಯನ್ನು ದೀಪ್ತಿಬೆನ್ ಹೇಳಿದಂತೆಯೇ ಹೇಳಿದಳು. ಪಾಂಡುರಂಗ ಹುಬ್ಬು ಗಂಟಿಕ್ಕಿ ಕೇಳಿದ. ಆಮೇಲೆ ಸೋಫಾದಿಂದ ಅರ್ಧ ಎದ್ದು, “ಅಂದ್ರ ಸಿಗ್ನಲ್ ಖರೆ ಅದ! ಆಂಪ್ಲಿಫೈಯರ್ ಜಾಸ್ತಿ ಆಗೇದ!” ಎಂದ.

“ಹೂಂ.”

“ಮೂರು ವರ್ಷದಿಂದ ಹಿಂಗ ಹೇಳಬಾರದಿತ್ತೇನ? ಬರೇ ಬ್ಯಾನಿ, ಬ್ಯಾನಿ ಅಂದಿ!”

ನಳಿನಿ ಹರಿಪ್ರಸಾದನ ಮುಖ ನೋಡಿದಳು. ಹರಿಪ್ರಸಾದ ಮರ್ಯಾದೆಯಿಂದ ಫ್ಯಾನ್ ನೋಡಿದ.

ರಾಜ್ಯೋತ್ಸವದ ದಿನ ಗಂಡಸರೇ ಅಡುಗೆ ಮಾಡಿದರು. ಪಾಂಡುರಂಗ ನೀರನ್ನು ಲೆಕ್ಕ ಹಾಕಿ ಸುರಿದ. ಲೆಕ್ಕ ಸರಿಯಾಗಿತ್ತಂತೆ, ಅಕ್ಕಿಯೇ ಹೊಂದಿಕೊಳ್ಳಲಿಲ್ಲ. ಆದದ್ದನ್ನು ಸೌಟಿನಲ್ಲಿ ಸುರಿದರೆ ತಟ್ಟೆಯಲ್ಲಿ ಹರಿಯುತ್ತಿತ್ತು. ಜನ ಹೊಟ್ಟೆತುಂಬ ಉಂಡು, ಗಂಜಿ ಚೆನ್ನಾಗಿತ್ತು ಎಂದು ಹೊಗಳಿದರು.

ನಳಿನಿ ತಾರಾಬೆನ್‌ಳನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಇಷ್ಟು ವರ್ಷ ಅಡುಗೆಮನೆಯಲ್ಲೇ ಇದ್ದುದರಿಂದ ಅವಳು ಕಾರ್ಯಕ್ರಮ ನೋಡಿದ್ದು ಇದೇ ಮೊದಲು. ಹರಿಪ್ರಸಾದ ಭಾಷಣ ಶುರುಮಾಡಿದ. ಕದಂಬರಿಂದ ಹೊರಟವನು ಬಹಳ ಹೊತ್ತಾದರೂ ಹೊಯ್ಸಳರನ್ನು ಮುಟ್ಟಿರಲಿಲ್ಲ.

“ಇದು ಯಾವಾಗ ಮುಗಿಯುತ್ತೆ?” ಎಂದಳು ತಾರಾಬೆನ್.

“ಗೊತ್ತಿಲ್ಲ. ನಾನು ಯಾವಾಗಲೂ ಒಲೆ ಮುಂದೆ ಇರುತ್ತಿದ್ದೆ.”

“ಪುಣ್ಯವಂತೆ,” ಎಂದಳು ತಾರಾಬೆನ್. ಅದು ಮೈಕಿನವರೆಗೂ ಕೇಳಿಸಿತು. ಅವಳು ಹೇಳಿದ್ದು ಗುಜರಾತಿಯಲ್ಲಾದರೂ ಸಭೆಯಲ್ಲಿ ಅರ್ಥವಾಗದವರು ಯಾರೂ ಇರಲಿಲ್ಲ.

ಬೆನ್ನು ಬಿಗಿಯತೊಡಗಿದಾಗ ನಳಿನಿ ಭಾಷಣದ ನಡುವೆಯೇ ಎದ್ದು, ಹೊರಗೆ ಎರಡು ಸುತ್ತು ನಡೆದು ಬಂದಳು. ಹಿಂದೆಲ್ಲ ಮದುವೆ-ಮುಂಜಿಗಳಲ್ಲಿ ಜನ ಏನೆಂದುಕೊಂಡಾರೋ ಎಂದು ಹಲ್ಲು ಕಚ್ಚಿ ಕೂರುತ್ತಿದ್ದಳು. ಈಗ ಅವಳ ಹಿಂದೆಯೇ ಇನ್ನೂ ನಾಲ್ಕು ಜನ ಎದ್ದುಹೋದರು, ಅವರಿಗೆ ಬೆನ್ನುನೋವೇನೂ ಇರಲಿಲ್ಲ.

ಮರುದಿನ ನೋವಿತ್ತು. ಇಲ್ಲದೆ ಎಲ್ಲಿಗೆ ಹೋಗುತ್ತದೆ? ಆದರೆ ಪ್ರತಿ ವರ್ಷ ರಾಜ್ಯೋತ್ಸವದ ಮೇಲೆ ವಾರಗಟ್ಟಲೆ ಹಾಸಿಗೆ ಹಿಡಿಯುತ್ತಿದ್ದವಳು ಈ ಸಲ ಬೆಳಗ್ಗೆ ಎದ್ದು ಚಹಾ ಮಾಡಿಕೊಂಡು ಬಾಲ್ಕನಿಯಲ್ಲಿ ಕೂತು ಕುಡಿದಳು. ಪಾಂಡುರಂಗ ತಾನೇ ಬಂದು ಕೇಳಿದ: “ಇವತ್ತು ವಾಲ್ಯೂಮ್ ಎಷ್ಟದ?” ಪ್ರಶ್ನೆ ವಿಚಿತ್ರವಾಗಿತ್ತು. ಆದರೆ ಅವನು ಉತ್ತರಕ್ಕೆ ಕಾದು ನಿಂತಿದ್ದ. ಅದೇ ಅವಳಿಗೆ ಹಿತವೆನಿಸಿತು.

ಜನವರಿಯಲ್ಲಿ ದೀಪ್ತಿಬೆನ್ ವಡೋದರಾದಲ್ಲೂ ತರಗತಿ ಶುರುಮಾಡಿದಳು. ಹೊಸಬರಿಗೆ ಅನುಭವ ಹೇಳಲು ಬನ್ನಿ ಎಂದು ನಳಿನಿ, ತಾರಾಬೆನ್ ಇಬ್ಬರನ್ನೂ ಕರೆದಳು. ಹೋಗುವುದೋ ಬೇಡವೋ ಎಂದು ನಳಿನಿ ಎರಡು ದಿನ ಯೋಚಿಸಿ, ಹೋಗುವುದೆಂದೇ ತೀರ್ಮಾನಿಸಿದಳು. ರೈಲಿನಲ್ಲಿ ಕಿಟಕಿ ಪಕ್ಕದ ಜಾಗವನ್ನು ತಾರಾಬೆನ್ ಯಾರ ಜೊತೆಗೋ ಜಗಳವಾಡಿ ಕೊಡಿಸಿದಳು. ರೈಲು ಹೊರಟು ಸ್ವಲ್ಪ ಹೊತ್ತಿಗೆ ನಳಿನಿಗೆ ಕೂತಲ್ಲೇ ನಿದ್ದೆ ಹತ್ತಿತು. ರಾತ್ರಿಯೆಲ್ಲ ಹುಡುಕಿದರೂ ಸಿಗದಂಥ, ಗಾಢವಾದ ನಿದ್ದೆ. ನಡಿಯಾದ್ ನಿಲ್ದಾಣದಲ್ಲಿ ಚಹಾದವನು ಕೂಗುತ್ತ ಬೋಗಿಯೊಳಗೆ ಬಂದ. ತಾರಾಬೆನ್ ತುಟಿಯ ಮೇಲೆ ಬೆರಳಿಟ್ಟು, ಒಂದೇ ಒಂದು ಮಾತಾಡದೆ, ಅವನನ್ನು ಮುಂದಕ್ಕೆ ಕಳಿಸಿದಳು.