ಗೌರವಸ್ಥ ಹೆಂಗಸು ಒಬ್ಬರು ಬೇಕು

೧೯೮೪ರಲ್ಲಿ, ತಮಿಳರ ಆಡಿ ತಿಂಗಳ ಒಂದು ಶುಕ್ರವಾರ. ಮಿಲ್ಲಿನಲ್ಲಿ ಕೆಲಸ ಕೊಡಿಸುತ್ತೇನೆಂದು ಮಡತ್ತುಕುಳಂನಿಂದ ಕರೆತಂದ ಚಿನ್ನತಾಯಿಯನ್ನು ದಲ್ಲಾಳಿ ವೆಂಕಟಾಚಲಂ ಅನ್ನೂರಿನ ಒಂದು ಹೆಂಚಿನ ಮನೆಯಲ್ಲಿ ಕೂಡಿಹಾಕಿದ್ದ. ಸಂಜೆಯ ರೈಲಿಗೆ ಅವಳನ್ನು ಬೊಂಬಾಯಿಗೆ ಸಾಗಿಸಿ ಮಾರುವವನಿದ್ದ. ಸಬ್ ಇನ್‌ಸ್ಪೆಕ್ಟರ್ ರಾಮಲಿಂಗಂಗೆ ಸುದ್ದಿ ಮಧ್ಯಾಹ್ನವೇ ಮುಟ್ಟಿತು. ಆದರೆ ಶೋಧನೆಗೆ ಮೊದಲು ಆ ಬೀದಿಯ ಇಬ್ಬರು ಗೌರವಸ್ಥರನ್ನು ಸಾಕ್ಷಿಗೆ ಕರೆಯಬೇಕು, ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕು ಎಂದಿತ್ತು ಕಾನೂನು. ಗೌರವವನ್ನು ಅಳೆಯುವ ಬಗೆಯನ್ನು ಅದು ಹೇಳಿರಲಿಲ್ಲ.

ಗಂಡಸಾಗಿ ಅಂಗಡಿಯ ನಂಜಪ್ಪನ್ ಸಿಕ್ಕ. ಹೆಂಗಸಿಗಾಗಿ ರಾಮಲಿಂಗಂ ಅದೇ ಬೀದಿಯ ರಂಗನಾಯಕಿಯ ಬಾಗಿಲಿಗೆ ಹೋಗಿ, ಇಬ್ಬರಿಗೂ ಮನೆಮಾತಾದ ಕನ್ನಡದಲ್ಲೇ ಕೇಳಿಕೊಂಡ.

“ನಮ್ಮತ್ಗೆನ ಕರದ್ರಾ? ದೊಡ್ಡವ್ರ್ನ ಬುಟ್ಟು ನಾನು ಬಂದ್ರೆ ನನ್ ಗೌರವ ಎಲ್ಲುಳೀತದೆ?”

ಅತ್ತಿಗೆ ಸಾಮಿಯಾತಾಳ್‌ಗೆ ಬರಲು ಅಡ್ಡಿಯಿರಲಿಲ್ಲ. ಆದರೆ ಆಡಿ ಶುಕ್ರವಾರ ಮುತ್ತೈದೆಯನ್ನು ಬರಿಗೈಯಲ್ಲಿ ಕರೆಯುತ್ತಾರೆಯೇ? ರಾಮಲಿಂಗಂ ನಂಜಪ್ಪನ್ ಅಂಗಡಿಯಿಂದ ಕುಂಕುಮದ ಭರಣಿ ತಂದ. ಅವಳನ್ನು ಕರೆದ ಮೇಲೆ ಪಕ್ಕದ ಮನೆಯ ಬೀಗಿತ್ತಿಯನ್ನು ಬಿಡುವಂತಿರಲಿಲ್ಲ, ಬೀಗಿತ್ತಿಯನ್ನು ಕರೆದರೆ ಅವಳ ಓರಗಿತ್ತಿಯನ್ನು. ರೈಲಿನ ಹೊತ್ತು ಹತ್ತಿರವಾಗುವಷ್ಟರಲ್ಲಿ ಇಡೀ ಬೀದಿ ರೇಷ್ಮೆ ಸೀರೆಯುಟ್ಟು, ಹೂ ಮುಡಿದು ಹೊರಟಿತ್ತು. ಮುಂದೆ ಖಾಕಿ ತೊಟ್ಟು, ಭರಣಿ ಹಿಡಿದು ರಾಮಲಿಂಗಂ. ಗುಟ್ಟಾಗಿ ದಾಳಿ ಮಾಡುವ ಆಸೆಯನ್ನು ಅವನು ಬಿಟ್ಟುಬಿಟ್ಟಿದ್ದ.

ವೆಂಕಟಾಚಲಂ ಕಿಟಕಿಯಿಂದ ನೋಡಿದ. ಪೊಲೀಸರು ಕುಂಕುಮ ಹಂಚಿಕೊಂಡು ಹಿಡಿಯಲು ಬರುವುದನ್ನು ಅವನು ಎಲ್ಲೂ ಕಂಡಿರಲಿಲ್ಲ. ಯಾವುದೋ ಪೂಜೆಯೆಂದುಕೊಂಡು ತಾನೇ ಬಾಗಿಲು ತೆರೆದು ಚಾಪೆ ಹಾಸಿದ.

ಮನೆಯಲ್ಲಿ ಹೆಂಗಸರಿಲ್ಲವೇ ಎಂದು ಸಾಮಿಯಾತಾಳ್ ವಿಚಾರಿಸಿದಳು. ಇಲ್ಲ ಎಂದು ಅವನು ಹೇಳುವುದರೊಳಗೆ ಒಳಕೋಣೆಯ ಬಾಗಿಲು ದಡಬಡ ಸದ್ದು ಮಾಡಿತು. ಅವಳು ಚಿಲಕ ತೆಗೆದು ಚಿನ್ನತಾಯಿಯ ಹಣೆಗೆ ಕುಂಕುಮವಿಟ್ಟಳು.

“ಬಾ ಮಗಳೆ, ನೀನೂ ನಮ್ ಕೂಟ.”

ಸೀರೆಗಳ ನಡುವೆ ಹುಡುಗಿ ಬೀದಿಗೆ ಬಂದಳು. ಆಗ ಶೋಧನೆಗೆಂದು ರಾಮಲಿಂಗಂ ಒಳಹೊಕ್ಕ. ವೆಂಕಟಾಚಲಂಗೂ ಕಾನೂನು ಗೊತ್ತಿತ್ತು: ಶೋಧಿಸುವಾಗ ಮನೆಯಲ್ಲಿ ಹುಡುಗಿಯೇ ಇಲ್ಲವಲ್ಲ, ಕೇಸು ಎಲ್ಲಿಂದ ಬಂತು ಎಂದ. ರಾಮಲಿಂಗಂ ಪೆಚ್ಚಾಗಿ, ಒಂದು ಗಳಿಗೆ ಹುಡುಗಿಯನ್ನು ಮತ್ತೆ ಒಳಗೆ ಕೂರಿಸಬಹುದೇ ಎಂದು ಅಳುಕುತ್ತ ಕೇಳಿದ.

“ನಾನು ಒಳಿಕ್ಕೆ ಬರಲ್ಲ,” ಎಂದಳು ಚಿನ್ನತಾಯಿ. “ಎಲ್ಲಿ ಕೂಡಾಕಿದ್ದ, ಏನಂದ, ಎಲ್ಲಾ ಇಲ್ಲಿಂದ್ಲೇ ಏಳ್ತೀನಿ.”

ರಂಗನಾಯಕಿ ರಾಮಲಿಂಗಂನತ್ತ ತಿರುಗಿದಳು. “ಗೌರವಸ್ಥ ಎಂಗ್ಸು ಬೇಕು ಅಂತಿದ್ರಲ್ಲ ಸಾರ್. ಇವ್ಳು ಆಗಲ್ವಾ?”

ಅವನು ಭರಣಿಯನ್ನು ಜಗಲಿಯ ಮೇಲಿಟ್ಟು, ಪೆನ್ನು ತೆಗೆದು, ಹೇಳಿಕೆ ಬರೆದುಕೊಳ್ಳಲು ಚಿನ್ನತಾಯಿಯ ಮುಂದೆ ಕುಳಿತ.