ಅಕ್ಕನ ಮನೆಯ ವೈರು

"ಆಕಾಶ ಕಳಚಿ ಬಿದ್ದರೂ ನಿನ್ನ ಮನೆ ವೈರು ಮಾತ್ರ ಕತ್ತರಿಸಲ್ಲ ಅಕ್ಕಾ" ಎಂದು ವೈರಣ್ಣ ಮಾತು ಕೊಟ್ಟದ್ದು ಇಂಟರ್‌ನೆಟ್ ವ್ಯಾಪಾರಕ್ಕೆ ಇಳಿದ ಹೊಸದರಲ್ಲಿ. ಮೊದಲ ಕಂಬ ನಿಲ್ಲಿಸಲು ಜಾಗ ಕೊಡದೆ ಬೀದಿಯವರೆಲ್ಲ ಮುಖ ತಿರುಗಿಸಿದಾಗ ತನ್ನ ಮಹಡಿ ಬಿಟ್ಟುಕೊಟ್ಟವಳು ಅವಳೊಬ್ಬಳೇ.

ಈಗ ಇಡೀ ಬಡಾವಣೆಗೆ ಅವನದೇ ಇಂಟರ್‌ನೆಟ್. ಆಕಾಶವೇನೋ ಗಟ್ಟಿಯಾಗೇ ಇತ್ತು, ಬಿದ್ದದ್ದು ಸಿನಿಮಾ ಕಂಪನಿಯ ನೋಟಿಸು. ನಿಮ್ಮ ಗ್ರಾಹಕರೊಬ್ಬರು ನಮ್ಮ ಸಿನಿಮಾ ಕದ್ದು ಹಂಚುತ್ತಿದ್ದಾರೆ, ಇದು ಕೊನೆಯ ಸಲ ಹೇಳುವುದು, ಸಂಪರ್ಕ ಕಡಿಯದಿದ್ದರೆ ಕೇಸು ನಿಮ್ಮ ಮೇಲೆ ಎಂದಿತ್ತು. ಕೇಸು ಬಿದ್ದರೆ ಅಂಗಡಿಗೆ ಬೀಗವೇ. ಗ್ರಾಹಕರು ಯಾರೆಂದು ನೋಡಿದರೆ, ಸಾಕ್ಷಾತ್ ಅಕ್ಕ!

ವೈರಣ್ಣ ನೋಟಿಸು ಹಿಡಿದು ಹೋದಾಗ ಅವಳು ಸ್ಟೂಲಿನ ಮೇಲೆ ಕಾಲು ಚಾಚಿ ಕಂಪ್ಯೂಟರ್ ಮುಂದೆ ಕೂತಿದ್ದಳು.

"ನಾನು ಕಳ್ಳಿನಾ? ಸಿನಿಮಾ ನೋಡದೋರು ಯಾರಿದ್ದಾರೋ ಈ ಬೀದೀಲಿ? ಎದುರು ಮನೆ ಮೇಷ್ಟ್ರನ್ನ ಕೇಳು ಹೋಗು."

"ಅವರು ಇಳಿಸ್ಕೊಂಡು ತೆಪ್ಪಗೆ ಮುಚ್ಚಿಡ್ತಾರೆ. ನೀನು ಹಗಲೂ ರಾತ್ರಿ ಕಂಪ್ಯೂಟರ್ ತೆರೆದಿಟ್ಟು ಊರಿಗೆಲ್ಲ ಹಂಚ್ತಾ ಇದ್ದೀಯ. ಅದಕ್ಕೇ ಸಿಕ್ಕಿಬಿದ್ದದ್ದು."

"ಮತ್ತೆ? ಯಾರೋ ಕೊಟ್ಟದ್ದನ್ನ ನಾನು ತಗೊಂಡೆ. ಇನ್ನೊಬ್ಬರಿಗೆ ಕೊಡೋದು ಬೇಡವಾ? ನಮ್ಮಮ್ಮ ಹಾಗಾ ಬೆಳೆಸಿದ್ದು?"

ವೈರಣ್ಣ ತಲೆ ಚಚ್ಚಿಕೊಂಡ. ಕಳ್ಳತನದಲ್ಲೂ ಮರ್ಯಾದೆ ಬಿಡದವಳು ಇವಳೊಬ್ಬಳೇ ಇರಬೇಕು.

"ನಾನು ಕದ್ದರೆ ನಿನ್ನನ್ನ ಯಾಕೆ ಹಿಡೀತಾರೆ? ರಸ್ತೆ ಹಾಕಿದೋನ ತಪ್ಪಾ, ಕಳ್ಳ ಓಡಿಹೋದ್ರೆ?"

"ಕಳ್ಳ ಇವನೇ ಅಂತ ಬೆರಳಿಟ್ಟು ತೋರಿಸಿದ ಮೇಲೂ ದಾರಿ ಬಿಟ್ಟರೆ ನನ್ನ ತಪ್ಪೇ ಅಂತಾರೆ. ಅಕ್ಕಾ, ದಮ್ಮಯ್ಯ, ನಿಲ್ಲಿಸಿಬಿಡು. ನಿಲ್ಲಿಸಿದ್ದಾಳೆ ಅಂತ ಕಂಪನಿಗೆ ಬರೆದು ಕೈಕಾಲು ಹಿಡ್ಕೋತೀನಿ."

ಅಕ್ಕ ಕನ್ನಡಕ ಏರಿಸಿ ಪರದೆ ನೋಡಿದಳು. "ಇಲ್ನೋಡು, ಯಾರೋ ಪಾಪ, ನನ್ನಿಂದ ಅರ್ಧ ಸಿನಿಮಾ ಇಳಿಸ್ಕೊಂಡು ಕೂತಿದ್ದಾರೆ. ಬಡಿಸ್ತಾ ಬಡಿಸ್ತಾ ಎಲೆ ಮುಂದಿಂದ ಎಬ್ಬಿಸೋಕಾಗತ್ತೇನೋ?"

"ಅವರದು ಮುಗಿದ ಮೇಲಾದರೂ?"

"ಅಷ್ಟೊತ್ತಿಗೆ ಇನ್ಯಾರೋ ಬಂದಿರ್ತಾರೆ. ನೀನೇನು ಹೆದರ್ಬೇಡ, ಕತ್ತರಿಸಲ್ಲ ಅಂತ ಮಾತು ಕೊಟ್ಟಿದ್ದೀಯಲ್ಲ" ಎಂದು ಅವನ ಬೆನ್ನು ತಟ್ಟಿದಳು. "ಕಾಫಿ ಇಡ್ತೀನಿ, ಕೂತ್ಕೋ."

ಅವಳು ಒಳಗೆ ಹೋದಳು. ವೈರಣ್ಣ ಮಹಡಿ ಹತ್ತಿ ಅಕ್ಕನ ಮನೆಯ ವೈರು ಕತ್ತರಿಸಿದ. ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.