ಒಂದೇ ಅಂದರೆ

ನಮ್ಮ ದೊಡ್ಡಮ್ಮ ಇಪ್ಪತ್ತಾರು ವರ್ಷದಿಂದ ಪ್ರಾರ್ಥನಾಲಯದ ಬಾಗಿಲು ತೆಗೆಯುವವಳು. ಬೆಳಗ್ಗೆ ಐದಕ್ಕೆ ಬೀಗ ತೆಗೆದು, ನೆಲ ಒರೆಸಿ, ಯಾರಾದರೂ ಬರುವ ಮುಂಚೆ ಹಿಂದಿನ ಸಾಲಿನಲ್ಲಿ ಒಬ್ಬಳೇ ಕೂತು ಕಣ್ಣು ಮುಚ್ಚುತ್ತಾಳೆ. ಸಂಬಳ ಹೆಸರಿಗಷ್ಟೇ. ಆ ಕಾಲು ಗಂಟೆ ತಪ್ಪಿದರೆ ಇಡೀ ದಿನ ಉಪ್ಪಿಲ್ಲದ ಊಟ ಅನ್ನುತ್ತಾಳೆ.

ಈಗ ಹೊಸ ಕಾರ್ಯದರ್ಶಿ ಬಂದಿದ್ದಾರೆ. ಕೆಲಸದವರೆಲ್ಲ ತಮ್ಮ ನಂಬಿಕೆ ಹೇಳಿ ಸಹಿ ಹಾಕಬೇಕಂತೆ, ಇಲ್ಲವಾದರೆ ಕೆಲಸ ಬಿಡಬೇಕಂತೆ. ದೊಡ್ಡಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತಿಸಲು ನಾನು ಜೊತೆಗೆ ಹೋದೆ. ನಾನು ಅವಳ ತಂಗಿಯ ಮಗಳು. ನಮ್ಮಮ್ಮ ಮದುವೆಯಾಗಿ ಬೇರೆ ನಂಬಿಕೆಯ ಮನೆ ಸೇರಿದವಳು. ಹೋದ ವರ್ಷ ಆ ಮನೆಯ ಪ್ರಾರ್ಥನೆ ಹೇಳುತ್ತಲೇ ತೀರಿಕೊಂಡಳು. ಕೊನೆಗೆ ಅವಳ ನಾಲಿಗೆ ತಡವರಿಸಿದಾಗ ಮುಂದಿನ ಸಾಲು ಎತ್ತಿಕೊಟ್ಟವಳು ದೊಡ್ಡಮ್ಮನೇ.

ನಮ್ಮದು ಹದಿನೇಳನೆಯ ಸರದಿ. ಕಾರ್ಯದರ್ಶಿಗೂ ಸಾಕಾಗಿ ಹೋಗಿತ್ತು, ಆಕಳಿಸುತ್ತಲೇ ಕೇಳಿದರು.

"ನಂಬಿಕೆ ವಿಷಯದಲ್ಲಿ ನಿಮ್ಮ ಮಾತೇನಮ್ಮ?"

"ನನ್ನ ಮಾತೇನಪ್ಪಾ, ಒಂದೇ."

ಅವರು ಬರೆದು ಓದಿದರು. "ನಮ್ಮದೊಂದೇ ನಿಜ, ಉಳಿದದ್ದೆಲ್ಲ ಸುಳ್ಳು. ಇಲ್ಲಿ ಸಹಿ ಹಾಕಿ."

"ನಾನು ಹಾಗನ್ನಲಿಲ್ಲವಲ್ಲ."

"ಒಂದೇ ಅಂದ್ರಲ್ಲಮ್ಮ ಈಗ?"

"ಅಂದೆ. ಎಲ್ಲಾ ಒಂದೇ ಅಂತ."

ನಾನು ಮೆಲ್ಲಗೆ ಅವಳ ತೋಳು ತಿವಿದೆ. "ಹಾಕಿಬಿಡು ದೊಡ್ಡಮ್ಮ. ಅಮ್ಮ ಏನೂ ಅಂದುಕೊಳ್ಳಲ್ಲ."

"ಅವಳು ಅಂದುಕೊಳ್ಳಲ್ಲ ಕಣೇ. ಬೆಳಗ್ಗೆ ಐದಕ್ಕೆ ಕಣ್ಣು ಮುಚ್ಚೋಳು ನಾನು."

ಕಾರ್ಯದರ್ಶಿ ಪೆನ್ನು ಕೆಳಗಿಟ್ಟರು. "ಮೊದಲರ್ಧ ಆದ್ರೂ ಒಪ್ತೀರೋ ಇಲ್ವೋ?"

"ನನಗೆ ಇದೇ ನಿಜ. ಬೇರೇದು ಸುಳ್ಳು ಅನ್ನಬೇಕಾದ್ರೆ ಅಲ್ಲೂ ಇಪ್ಪತ್ತಾರು ವರ್ಷ ನೆಲ ಒರೆಸಿರಬೇಕಲ್ಲಪ್ಪಾ."

ಅವರಿಗೂ ನಗು ಬಂತು. ನಕ್ಕ ಮೇಲೆ ಮುಖ ಇನ್ನೂ ಬಾಡಿತು. "ಅರ್ಧಕ್ಕೆ ಸಹಿ ತಗೊಳ್ಳೋ ಹಾಗಿಲ್ಲಮ್ಮ. ನಿಯಮ."

ದೊಡ್ಡಮ್ಮ ಚೀಲ ತಡಕಿ ಬೀಗದ ಕೈ ಮೇಜಿನ ಮೇಲಿಟ್ಟಳು. "ಬಾಗಿಲನ್ನ ಸ್ವಲ್ಪ ಮೇಲೆತ್ತಿ ಕೀ ತಿರುಗಿಸಬೇಕು. ಇಲ್ಲದಿದ್ರೆ ಜಪ್ಪಯ್ಯ ಅಂದ್ರೂ ತೆಗೆಯಲ್ಲ."

ಅವರು ಅದನ್ನೂ ಬರೆದುಕೊಂಡರು.

ಆ ರಾತ್ರಿ ಅವಳು ನಮ್ಮ ಮನೆಯಲ್ಲೇ ಉಳಿದಳು. ಬೆಳಗ್ಗೆ ಐದಕ್ಕೆ ಎದ್ದು ನೋಡಿದರೆ, ಅಡುಗೆಮನೆಯ ಸ್ಟೂಲಿನ ಮೇಲೆ ಕಣ್ಣು ಬಿಟ್ಟುಕೊಂಡು ಕೂತಿದ್ದಾಳೆ.

"ಏನು ದೊಡ್ಡಮ್ಮ?"

"ಕಣ್ಣು ಮುಚ್ಚಿ ಕೂರೋಕಾಗ್ತಿಲ್ಲ ಕಣೇ. ನೆಲ ಒರೆಸಿಲ್ಲವಲ್ಲ."

ಮಲಗುವ ಮುಂಚೆಯಷ್ಟೇ ನಾನು ಒರೆಸಿದ್ದೆ. ಆದರೂ ಬಕೆಟ್ಟು ತುಂಬಿಸಿ ಅವಳ ಮುಂದಿಟ್ಟೆ.